ಗೌತಮಿಯ ಗಣಿತ

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಗೌತಮಿ ಮೂವತ್ತೊಂದನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿಗೆ ಕಟ್ಟಿದ್ದಳು. ಮಿಕ್ಕ ವಿಷಯಗಳೆಲ್ಲ ಮೊದಲ ಸಲವೇ ಪಾಸಾದವು. ಗಣಿತ ಎರಡು ಸಲ ಕೈಕೊಟ್ಟಿತು.

"ದಿನಾ ಐದೇ ಲೆಕ್ಕ ಮಾಡು ಕಣೇ," ಎಂದಿದ್ದ ಗಂಡ ಅಂಬರೀಶ. "ಜ್ವರ ಬಂದ್ರೂ ಐದು, ಹಬ್ಬ ಬಂದ್ರೂ ಐದು."

ರೇಷ್ಮೆಗೂಡು ಸಾಗಿಸುವ ಟೆಂಪೊ ಅವನದು. ಬೆಳಗ್ಗೆ ಹೊರಡುವ ಮುಂಚೆ ಟೀ ಕುಡಿಯುತ್ತ, ಪುಸ್ತಕದ ಹಿಂದಿನ ಉತ್ತರ ನೋಡಿ ಅವಳ ಲೆಕ್ಕ ತಿದ್ದುತ್ತಿದ್ದ. ಎಂಟು ತಿಂಗಳು ಒಂದು ದಿನವೂ ತಪ್ಪಲಿಲ್ಲ.

ಜನವರಿಯಲ್ಲಿ, ಕೆಂಚಾರ್ಲಹಳ್ಳಿಯಲ್ಲಿ ಗೂಡು ತುಂಬಿಸುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಗೌತಮಿ ಅಳಲಿಲ್ಲ. ಮೂರನೇ ದಿನ, ಮನೆ ತುಂಬ ನೆಂಟರು ಮಲಗಿರುವಾಗಲೇ ಎದ್ದು, ಹಿತ್ತಲಲ್ಲಿ ಕೂತು ಐದು ಲೆಕ್ಕ ಮಾಡಿದಳು. ನಾದಿನಿ ಶೋಭಾರಾಣಿ ಕಂಡಳು.

"ಅಣ್ಣನ ಗುಂಡಿ ಮಣ್ಣು ಇನ್ನೂ ಆರಿಲ್ಲ. ಇವಳಿಗೆ ಪುಸ್ತಕ ಬೇಕಾಯ್ತಾ!"

ಗೌತಮಿ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಗಂಡನ ಮಾತು ಉಳಿಸಬೇಕೆಂದೇನೂ ಅವಳು ಕೂತಿರಲಿಲ್ಲ. ಪಾಸಾಗುವ ಆಸೆಯೂ ಈಗ ಇರಲಿಲ್ಲ. ಆ ಹೊತ್ತಿನಲ್ಲಿ ಬೇರೇನು ಮಾಡಬೇಕೆಂದು ತಿಳಿಯಲಿಲ್ಲ, ಅಷ್ಟೇ.

ನೆಂಟರು ಹೋದ ಮೇಲೂ ಹಾಗೇ ನಡೆಯಿತು. ಒಂದು ಬೆಳಗ್ಗೆ ಅತ್ತೆ ಅಕ್ಕಯಮ್ಮ ಟೀ ಲೋಟ ತಂದಿಟ್ಟು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಅವಳಿಗೆ ಅಕ್ಷರ ಬಾರದು.

"ಸರಿಗೈತೇನಮ್ಮ?"

"ಗೊತ್ತಿಲ್ಲತ್ತೆ. ನೋಡೋರಿಲ್ಲ."

"ಹಿಂದ್ಗಡೆ ಉತ್ತರ ಐತೆ ಅಂತಿದ್ದ. ನೀನೇ ನೋಡ್ಕೋ."

ಗೌತಮಿ ಪುಟ ತಿರುವಿದಳು. ಐದರಲ್ಲಿ ಮೂರು ತಪ್ಪು. ಬೇಜಾರೂ ಆಗಲಿಲ್ಲ. ಆ ಮೂರನ್ನೂ ಮತ್ತೆ ಮಾಡಿದಳು. ಅಂದಿನಿಂದ ತಾನೇ ತಿದ್ದಿಕೊಳ್ಳತೊಡಗಿದಳು.

ಮಾರ್ಚಿನಲ್ಲಿ, ತನ್ನ ಅರ್ಧ ವಯಸ್ಸಿನ ಮಕ್ಕಳ ನಡುವೆ ಕೂತು ಪರೀಕ್ಷೆ ಬರೆದಳು. ಅಕ್ಕಯಮ್ಮ ಶಾಲೆಯ ಗೇಟಿನ ಹೊರಗೆ ಮೂರು ಗಂಟೆ ಕಾದಳು.

ಫಲಿತಾಂಶವನ್ನು ಪಕ್ಕದ ಮನೆಯ ಲಾವಣ್ಯ ಮೊಬೈಲಲ್ಲಿ ನೋಡಿ ಓಡಿಬಂದಳು. "ಅಕ್ಕಾ, ಪಾಸು! ನಲವತ್ತೊಂದು!"

"ಹೂಂ," ಎಂದು ಗೌತಮಿ ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು. ಅಕ್ಕಯಮ್ಮ ಮಾತ್ರ ಗೋಡೆಗೊರಗಿ, ಮಗನ ಹೆಸರು ಹಿಡಿದು ಜೋರಾಗಿ ಅತ್ತಳು. ಗೌತಮಿ ಅವಳ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕೂತಳು.

ಜೂನಿನಲ್ಲಿ ಪಿಯುಸಿ ಅರ್ಜಿ ಕೊಡಲು ಅತ್ತೆ ಸೊಸೆ ಚಿಕ್ಕಬಳ್ಳಾಪುರಕ್ಕೆ ಹೋದರು. ಕಾಲೇಜಿನ ಗುಮಾಸ್ತ ಗೌತಮಿಯ ವಯಸ್ಸು ನೋಡಿ ತಲೆಯೆತ್ತಿದ.

"ಇನ್ನೂ ಎರಡು ವರ್ಷ ಓದಬೇಕಮ್ಮ. ಆಗುತ್ತಾ?"

"ದಿನಾ ಸ್ವಲ್ಪ ಓದ್ತೀನಿ ಸಾರ್."

ವಾಪಸ್ಸು ಬರುವಾಗ ಬಸ್ ನಿಲ್ದಾಣದಲ್ಲಿ ಅಕ್ಕಯಮ್ಮ ದ್ರಾಕ್ಷಿ ಕೊಂಡಳು. ಗೌತಮಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು.

"ಹುಳೀನಾ?"

"ಹೂನತ್ತೆ. ಬಲು ಹುಳಿ."

ಎಷ್ಟೋ ತಿಂಗಳ ಮೇಲೆ ನಾಲಿಗೆಗೆ ರುಚಿ ಹತ್ತಿತ್ತು. ಬಸ್ಸು ಬರುವವರೆಗೂ ಒಂದೊಂದೇ ಬಿಡಿಸಿಕೊಂಡು ತಿಂದಳು.