ಭಟ್ಟಿ ಇಳಿಸುವ ಅಳಿಯ

ಮಾನ್ವಿಯ ಮಲ್ಲಯ್ಯನಿಗೆ ಆ ಒಂದು ಮಾತು ಮೂರು ದಿನ ಗಂಟಲಲ್ಲಿ ಮುಳ್ಳಾಗಿ ನಿಂತಿತ್ತು. ಮಗಳು ಸ್ವಪ್ನಾ ಫೋನನ್ನು ಸ್ಪೀಕರಿಗೆ ಹಾಕಿ ಮಾತಾಡುತ್ತಿದ್ದಾಗ, ಅವಳಿಗೆ ಗೊತ್ತುಮಾಡಿದ್ದ ವರ ಶಿವರಾಜ ನಗುತ್ತ ಹೇಳಿದ್ದ: “ಮುಂಜಾನೆದ್ದು ಒಂದು ಭಟ್ಟಿ ಇಳಿಸಲಿಲ್ಲಂದ್ರ ಡ್ಯೂಟಿಗೆ ಹೋಗಾಕ ಕಾಲೇ ಏಳಂಗಿಲ್ಲ ನೋಡು.”

ದೇವದುರ್ಗದ ಸೀಮೆಯಲ್ಲಿ ಹುಟ್ಟಿದ ಮಲ್ಲಯ್ಯನಿಗೆ ಭಟ್ಟಿ ಎಂದರೆ ಒಂದೇ ಅರ್ಥ, ಕಳ್ಳ ಸಾರಾಯಿ. ನಿಶ್ಚಿತಾರ್ಥಕ್ಕೆ ಉಳಿದದ್ದು ಹನ್ನೊಂದು ದಿನ. ಮಲ್ಲಯ್ಯ ಮಗಳನ್ನು ಏನೂ ಕೇಳಲಿಲ್ಲ. ಕೇಳಿದರೆ ಅವಳು ವರನಿಗೆ ಹೇಳುತ್ತಾಳೆ. ವರ ಭಟ್ಟಿಯ ಪಾತ್ರೆ ಮುಚ್ಚಿಡುತ್ತಾನೆ. ನಾಲ್ಕನೆಯ ದಿನ ಮೊದಲ ಬಸ್ಸಿಗೆ ರಾಯಚೂರಿಗೆ ಹೋಗಿ, ಅಲ್ಲಿಂದ ಶಕ್ತಿನಗರದ ಬಸ್ಸು ಹಿಡಿದು, ಬೀಗರಾಗಬೇಕಾದವರ ಬಾಗಿಲು ತಟ್ಟಿದ.

ತೆರೆದವಳು ಶಿವರಾಜನ ತಾಯಿ ಶಿವಬಸಮ್ಮ. “ಬರ್ರಿ, ಬರ್ರಿ. ಒಂದು ಫೋನ್ ಮಾಡಿದ್ರ ತಿನ್ನಾಕ ಮಂಡಾಳ ಒಗ್ಗರಣಿ ಮಾಡಿಡ್ತಿದ್ದೆ.”

“ಈ ಕಡಿ ಕೆಲಸ ಇತ್ತವ್ವಾ,” ಎಂದ ಮಲ್ಲಯ್ಯ ಮೂಗರಳಿಸಿ ಗಾಳಿಯನ್ನು ಪರೀಕ್ಷಿಸಿದ. ಒಳಗಿನಿಂದ ಏನೋ ಹುರಿದ ಕಮಟು ಬರುತ್ತಿತ್ತು. ವಾಸನೆಯ ಜಾಡು ಹಿಡಿದು ನೇರ ಅಡುಗೆಮನೆಗೆ ನಡೆದ.

ಒಲೆಯ ಮೇಲೆ ನಡು ಸಣ್ಣಗಿನ, ಎಂಟು ಮೂಲೆಯ ಅಲ್ಯೂಮಿನಿಯಂ ಪಾತ್ರೆ, ಪಕ್ಕದಲ್ಲಿ ಶಿವರಾಜ.

“ಇದೇನಪ್ಪಾ?”

“ಕಾಫಿ ಪಾತ್ರಿ, ಮಾವಾರ. ಕೆಳಗ ನೀರು, ನಡುವ ಪುಡಿ. ಉಗಿ ಒತ್ತಿದ್ರ ನೀರು ಪುಡಿಯೊಳಗ ಹಾದು ಮ್ಯಾಲ ಬರ್ತದ.”

“ಎಷ್ಟು ನೀರು ಹಾಕಿದಿ?”

“ಮೂರು ಕಪ್ಪು.”

“ಮ್ಯಾಲ ಬರೋದು?”

“ಎರಡೂವರಿ.”

“ಉಳಿದ ಅರ್ಧ?”

“ಪುಡಿ ಕುಡೀತದ್ರೀ.”

ಕುಡಿತದ ಮಾತು ಈ ಮನೆಯಲ್ಲಿ ಪುಡಿಗೂ ತಪ್ಪಲಿಲ್ಲವಲ್ಲ ಎಂದುಕೊಂಡ ಮಲ್ಲಯ್ಯ. ಕೆಳಗೆ ಬೆಂಕಿ, ನಡುವೆ ಸರಕು, ಮೇಲೆ ಉಗಿ. ಭಟ್ಟಿಯ ಲೆಕ್ಕ ಎಲ್ಲಿಯೂ ತಪ್ಪುತ್ತಿರಲಿಲ್ಲ.

ಪಾತ್ರೆ ಗೊರಗೊರ ಎಂದಿತು. ನಡುವಿನ ಕೊಳವೆಯಿಂದ ಕರಿಯ ದ್ರವ ಉಕ್ಕಿತು. ಶಿವರಾಜ ಉರಿ ಆರಿಸಿ ಸಣ್ಣ ಕಪ್ಪಿಗೆ ಬಗ್ಗಿಸಿದ. “ಹಾಲಿಲ್ಲ, ಭಾಳ ಕಡಕ್ ಅದ. ಸಾವಕಾಶ ಕುಡೀರಿ.”

ಚಹಾದ ಹೊರತು ಬೇರೇನೂ ಕುಡಿದು ಗೊತ್ತಿಲ್ಲದ ಮಲ್ಲಯ್ಯನ ನಾಲಿಗೆ ಬೇವು ತಿಂದಂತೆ ಮುದುಡಿತು. ಎರಡು ಗುಟುಕಿಗೆ ಎದೆ ಢವಢವ ಹೊಡೆದುಕೊಂಡಿತು. ಇದು ಸಾರಾಯಿಯೇ ಎನ್ನಲು ಅವನಿಗೆ ಸಂಶಯ ಉಳಿಯಲಿಲ್ಲ.

“ಕಡ್ಡಿಪೆಟ್ಟಿಗಿ ಕೊಡ್ರವ್ವಾ.”

ಕರವಸ್ತ್ರದ ತುದಿಯನ್ನು ಕಪ್ಪಿನಲ್ಲಿ ಅದ್ದಿದ, ಹಿಂಡಿದ, ಕಡ್ಡಿ ಗೀರಿ ಹಿಡಿದ. ಬಟ್ಟೆ ಚುಂಯ್ ಎಂದಿತೇ ಹೊರತು ಸಾರಾಯಿಯ ನೀಲಿ ಉರಿ ಏಳಲಿಲ್ಲ. ಮತ್ತೊಂದು ಕಡ್ಡಿ ಗೀರಿದ. ಅದೂ ಆರಿತು.

“ಕಾಫೀನ ಅದ,” ಎಂದು ಒಪ್ಪಿಕೊಂಡ.

“ಮತ್ತೇನಂತ ತಿಳಿದಿದ್ರಿ?” ಎಂದಳು ಶಿವಬಸಮ್ಮ.

“ನಿಮ್ಮ ಮಗ ಫೋನಿನಾಗ ಭಟ್ಟಿ ಅಂದಿದ್ದ.”

ಶಿವರಾಜ ಗೋಡೆ ಹಿಡಿದು ನಕ್ಕ. “ಗೆಳೆಯರು ಈ ಪಾತ್ರಿಗಿ ಇಟ್ಟ ಹೆಸರು, ಮಾವಾರ.”

ತಾಯಿ ನಗಲಿಲ್ಲ. ಸುಟ್ಟ ಕಡ್ಡಿಗಳನ್ನೇ ನೋಡುತ್ತಿದ್ದಳು.

“ಅದಿರ್ಲಿ. ಅರಿವಿ ಅದ್ದಿ ಕಡ್ಡಿ ಕೊರೆದು ನೋಡೋದು ನನಗ ಗೊತ್ತಿಲ್ಲ, ಇವಗೂ ಗೊತ್ತಿಲ್ಲ. ಕೊರಳಾಗ ಲಿಂಗ ಕಟ್ಟಿದವರು ನೀವು. ನಿಮಗ ಹ್ಯಾಂಗ ಗೊತ್ತ್ರೀ?”

ಸುಳ್ಳು ಹೇಳಬಹುದಿತ್ತು. ಆದರೆ ಸತ್ಯ ಹುಡುಕಿಕೊಂಡು ಎರಡು ಬಸ್ಸು ಹತ್ತಿ ಬಂದವನ ನಾಲಿಗೆ ಅದಕ್ಕೆ ಹೊರಳಲಿಲ್ಲ.

“ನಮ್ಮಪ್ಪ ಭಟ್ಟಿ ಇಳಿಸ್ತಿದ್ದ, ದೇವದುರ್ಗದ ಹೊಲದಾಗ. ಸರಕು ಖರೇನೋ ಖೋಟಾನೋ ಅಂತ ಉರಿ ಹಚ್ಚಿ ನೋಡೋದು ನನ್ನ ಕೆಲಸ. ಕುಡಿದೇ ಸತ್ತ. ಆಮ್ಯಾಲ ನಾನು ಮಾನ್ವಿಗೆ ಬಂದೆ.”

ಶಿವರಾಜನ ನಗೆ ನಿಂತಿತು. ಶಿವಬಸಮ್ಮ ಸುಟ್ಟ ಕಡ್ಡಿಗಳನ್ನು ಆಯ್ದು ಒಲೆಯ ಬದಿಗಿಟ್ಟಳು.

“ಸ್ವಪ್ನಾಗ ಇದು ಗೊತ್ತದೇನು?”

“ಇಲ್ಲ.”

“ನನ್ನ ಮಗನ ಮನಿ ಹೊಕ್ಕು ಪಾತ್ರಿ ನೋಡಿದ್ರಿ, ತಪ್ಪಲ್ಲ. ಹೆಣ್ಣು ಕೊಡೋರು ನೋಡಬೇಕು. ಆದ್ರ ನಿಮ್ಮ ಮನೀದು ನಿಮ್ಮ ಮಗಳಿಗೇ ಮುಚ್ಚಿಟ್ಟೀರಿ. ಮೊದಲ ಆಕಿಗಿ ಹೇಳ್ರಿ. ನಮ್ಮಪ್ಪ ಎಲ್ಲಾ ಹೇಳ್ಯಾನ ಅಂತ ಆಕೀನ ನನಗ ಫೋನ್ ಮಾಡ್ಲಿ. ಅಲ್ಲೀತನ ನಿಶ್ಚಯದ ಮಾತು ಬ್ಯಾಡ.”

ಮಲ್ಲಯ್ಯ ಉಳಿದ ಕಾಫಿಯನ್ನು ಕುಡಿದು, ಕಪ್ಪನ್ನು ತಾನೇ ತೊಳೆದಿಟ್ಟು ಹೊರಬಿದ್ದ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಮಗಳ ನಂಬರು ಒತ್ತಿದ. ಆ ಕಡೆಯಿಂದ “ಯಪ್ಪಾ, ಎಲ್ಲಿದ್ದಿ?” ಎಂದಳು ಸ್ವಪ್ನಾ.

“ಸ್ಪೀಕರ್ ಹಾಕಬ್ಯಾಡವ್ವಾ,” ಎಂದ. “ನಿಮ್ಮ ಅಜ್ಜಂದೊಂದು ಮಾತು ಹೇಳೋದದ.”