ಮಾರ್ತಾಂಡನ ‘ಹೋ’

ಪ್ಯಾಡಿನ ಪಟ್ಟಿ ಬಿಗಿಯುತ್ತಿದ್ದ ಬಂಡೆಪ್ಪನ ಕೈ ಅಲ್ಲೇ ನಿಂತಿತು. ವಿಕೆಟ್ ಬಿದ್ದಿತ್ತು, ಮುಂದಿನ ಸರದಿ ತನ್ನದೇ. ಆದರೆ ಪಿಚ್ಚಿನ ಆಚೆ ತುದಿಯಲ್ಲಿ ಹೊಟ್ಟೆ ಮುಂದೆ ಮಾಡಿಕೊಂಡು ನಿಂತವನು ಮಾರ್ತಾಂಡ.

ಖಾನಾಪುರದ ಮೈದಾನದಲ್ಲಿ ಅವತ್ತು ನಲವತ್ತು ದಾಟಿದವರ ಎಂಟು ಓವರಿನ ಪಂದ್ಯಾವಳಿ. ಆಟೋ ನಗರದ ಗ್ಯಾರೇಜಿನಲ್ಲಿ ದಿನವಿಡೀ ಲಾರಿಗಳ ಕೆಳಗೆ ಮಲಗುವ ಬಂಡೆಪ್ಪ ಒಂದಿಷ್ಟು ಮಜಾ ಮಾಡಲೆಂದು, ಆಟ ಶುರುವಾದ ಮೇಲೆ ಓಡೋಡಿ ಬಂದಿದ್ದ. ತಮ್ಮ ಬೆಳಗಾವಿ ತಂಡದಲ್ಲೇ ಮಾರ್ತಾಂಡನೂ ಇದ್ದಾನೆಂದು ನಾಯಕ ಬಾಳಾಸಾಹೇಬ ಬಾಯಿಬಿಟ್ಟಿರಲಿಲ್ಲ. ಹೇಳಿದರೆ ಇಬ್ಬರೂ ಬರುವುದಿಲ್ಲ ಎಂಬುದು ಆ ಮಹಾಶಯನಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಕಾಲಕ್ಕೆ ಇಬ್ಬರದೂ ಒಂದೇ ಡಬ್ಬಿಯ ಊಟ. ಶಹಾಪುರದ ಮಾರ್ತಾಂಡನದು ಮನೆಯಲ್ಲಿ ಮರಾಠಿ, ಬಂಡೆಪ್ಪನ ಜೊತೆ ಮಾತ್ರ ಅಚ್ಚ ಕನ್ನಡ. ಹಳ್ಳಿಯಿಂದ ಆಗಷ್ಟೇ ಬಂದ ಗೆಳೆಯನಿಗೆ ತೊಡಕಾಗಬಾರದೆಂದು ರನ್ನಿಗೂ ‘ಬಾ’, ‘ಬ್ಯಾಡ’ ಎಂದೇ ಕೂಗುತ್ತಿದ್ದ. ಆಮೇಲೆ ಬಂತು ಆ ಫೈನಲ್. ಜಿಲ್ಲಾ ತಂಡಕ್ಕೆ ಆರಿಸುವವರು ಬಂದು ಕುಳಿತಿದ್ದರು. ಬಂಡೆಪ್ಪ ಚೆಂಡು ಹೊಡೆದ, ಮಾರ್ತಾಂಡ ಕೂಗಿದ, ಬಂಡೆಪ್ಪ ಅರ್ಧದಿಂದ ಹಿಂದಿರುಗಿದ, ಮಾರ್ತಾಂಡ ರನೌಟ್. ಬೇಕೆಂದೇ ಕುತ್ತಿಗೆ ಕೊಯ್ದನೆಂದು ಮಾರ್ತಾಂಡ ಊರಿಗೆಲ್ಲ ಹೇಳಿದ. ತಾನೇ ಹಿಂದಕ್ಕೆ ಹೋಗೆಂದು ಕೂಗಿ ತಪ್ಪು ನನ್ನ ತಲೆಗೆ ಕಟ್ಟಿದನೆಂದು ಬಂಡೆಪ್ಪ ಉರಿದುಹೋದ. ಅಂದಿನಿಂದ ಇಪ್ಪತ್ತು ವರ್ಷ ಮಾತಿಲ್ಲ. ಗೆಳೆಯನಿಗೆ ಮೋಸ ಮಾಡಿದವ ಎಂಬ ಹೆಸರು ಮಾತ್ರ ಹಲ್ಲಿನ ಸಂದಿಯ ಚೂರಿನಂತೆ ಬಂಡೆಪ್ಪನನ್ನು ಕಾಡುತ್ತಲೇ ಇತ್ತು.

"ನಡಿಯೋ ಬಂಡೆಪ್ಪಾ! ಅಂವೇನ ನಿನ್ನ ತಿಂತಾನೇನು?" ಬಾಳಾಸಾಹೇಬ ಬೆನ್ನಿಗೆ ಗುದ್ದಿದ.

"ತಿನ್ನೂದಿಲ್ಲ. ನನ್ನಿಂದ ಅಂವ ಮತ್ತ ರನೌಟ್ ಆದ್ರ ನಾ ಎಲ್ಲಿ ಮಾರಿ ಇಟ್ಕೊಳ್ಳಲಿ?"

ಓಡುವ ಪ್ರಸಂಗವೇ ಬಾರದಿರಲಿ ಎಂದು ಬೇಡಿಕೊಂಡು ಬಂಡೆಪ್ಪ ಬ್ಯಾಟು ಊರಿದ. ಬೇಡಿಕೆ ಎರಡು ಚೆಂಡಿನ ಮಟ್ಟಿಗೆ ನಡೆಯಿತು. ಮೂರನೆಯದನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ ಎರಡು ಹೆಜ್ಜೆ ಇಟ್ಟ.

"ಹೋ!" ಆಚೆಯಿಂದ ಮಾರ್ತಾಂಡ ಕೂಗಿದ.

ಬಂಡೆಪ್ಪ ಗಕ್ಕನೆ ನಿಂತು ಹಿಂದಿರುಗಿದ. ಗೆರೆ ಮುಟ್ಟಿ ನೋಡಿದರೆ ಮಾರ್ತಾಂಡ ಏದುಸಿರು ಬಿಡುತ್ತ ಪಕ್ಕದಲ್ಲೇ ನಿಂತಿದ್ದ. ಪುಣ್ಯಕ್ಕೆ ಫೀಲ್ಡರನೂ ಮುದುಕ; ಅವನೆಸೆದ ಚೆಂಡು ಆಚೆ ವಿಕೆಟ್ಟನ್ನೂ ದಾಟಿ ಎತ್ತಲೋ ಉರುಳಿತು.

"ಹೋ ಅಂದ್ನೆಲ್ಲಲೇ! ಯಾಕ ಬರ್ಲಿಲ್ಲ?"

"ಹೋ ಅಂದಿ, ಅದಕ್ಕ ಹೊಳ್ಳಿ ಹೋದೆ! ಅವತ್ತೂ ಹಿಂಗ ಹೋ ಅಂದಿ, ಹೋದೆ!"

ಮಾರ್ತಾಂಡ ಹಣೆ ಬಡಿದುಕೊಂಡ. "ಲೇ ಬಂಡ್ಯಾ... ಹೋ ಅಂದ್ರ ಹೌದು ಅಂತಲೋ! ಮರಾಠಿ ಹೋ!"

ಗಿರಾಕಿಗಳ ಜೊತೆ ಮರಾಠಿಯಲ್ಲೇ ಜಗಳವಾಡುವಷ್ಟು ಬಂಡೆಪ್ಪ ಈಗ ಪಳಗಿದ್ದ. ಆದರೆ ಈ ದನಿಯಿಂದ ಅವನ ಕಿವಿ ಕನ್ನಡವನ್ನಷ್ಟೇ ಕಾಯುತ್ತಿತ್ತು.

"ನನ್ನ ಕೂಡ ನೀ ಯಾವಾಗರ ಮರಾಠಿ ಮಾತಾಡೀಯೇನೋ?"

"ಗಡಿಬಿಡ್ಯಾಗ ಅವ್ವನ ಮಾತ ಬಾಯಿಗೆ ಬಂತಪಾ. ಅವತ್ತೂ ಅದ ಬಂದಿರಬೇಕು."

ಮೊದಲು ಯಾರು ನಕ್ಕರೋ. ಇಬ್ಬರೂ ಬ್ಯಾಟಿಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇವನು ಸುಳ್ಳು ಹೇಳಿರಲಿಲ್ಲ, ತಾನೂ ಮೋಸ ಮಾಡಿರಲಿಲ್ಲ. ಬಂಡೆಪ್ಪನಿಗೆ ಮೈಯೆಲ್ಲ ಹಗುರವಾಯಿತು. ಅಷ್ಟರಲ್ಲಿ ಬೌಲರ್ ಚೆಂಡು ತಂದು ನಿಧಾನವಾಗಿ ಆಚೆ ತುದಿಯ ಬೇಲ್ಸ್ ಉರುಳಿಸಿದ.

"ರೂಲ್ ಪ್ರಕಾರ ಮಾರ್ತಾಂಡ ಸಾಹೇಬ್ರು ಔಟ್ ನೋಡ್ರಿ," ಎಂದ ಅಂಪೈರ್ ಹಣಮಪ್ಪ.

"ಅಂವ ಹಿಂದ ಒಮ್ಮೆ ಹೋಗ್ಯಾನ್ರಿ. ಈ ಸಲ ನಾ ಹೋಗ್ತೇನಿ." ಬಂಡೆಪ್ಪ ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಮಜಾದ ಆಟದಲ್ಲಿ ತಕರಾರು ಯಾಕೆಂದು ಹಣಮಪ್ಪ ಒಪ್ಪಿಕೊಂಡ. "ಹೋಗ್ಲ್ಯಾ ಮಾರ್ತಾಂಡ?"

"ಹೋ," ಎಂದ ಮಾರ್ತಾಂಡ, ಕಣ್ಣೊರೆಸಿಕೊಳ್ಳುತ್ತ.

ಅದು ಯಾವ ಭಾಷೆಯದೆಂದು ಬಂಡೆಪ್ಪ ಕೇಳಲಿಲ್ಲ. ಕುಂಟುತ್ತ ಬೌಂಡರಿ ದಾಟಿ ಹುಣಸೆ ಮರದ ಕೆಳಗೆ ಕುಳಿತ. ಹೆಂಡತಿ ಮಾಯಕ್ಕ ಕಟ್ಟಿಕೊಟ್ಟ ಡಬ್ಬಿ ಚೀಲದಲ್ಲಿತ್ತು. ಹಸಿವು ಜೋರಾಗಿಯೇ ಇತ್ತು. ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳ ಬಿಚ್ಚದೆ, ಮಾರ್ತಾಂಡ ಔಟಾಗಿ ಬರುವುದನ್ನೇ ಕಾಯತೊಡಗಿದ.