ಎಂಟರಲ್ಲಿ ಎರಡು ಗುಡ್ಡೆ

"ಅರ್ಧ ಮಾರ್ಕು ಯಾಕೆ ಕಡಿದ್ರಿ ಸಾರ್?"

ಮೂಕಯ್ಯ ಮಗಳ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಹರಡಿದ. ಕೊಡದಲ್ಲಿ 7/8 ಭಾಗ ನೀರಿತ್ತು, 5/8 ಭಾಗ ಖರ್ಚಾಯಿತು, ಉಳಿದದ್ದೆಷ್ಟು ಎಂಬುದು ಲೆಕ್ಕ. ಪೂಂಗೊಡಿ 2/8 ಎಂದು ಬರೆದಿದ್ದಳು. ಒಟ್ಟಿನಲ್ಲಿ ಅವಳು ಕಾಲು ಅಂಕ ಹಿಂದೆ ಬಿದ್ದಿದ್ದಳು. ಜಿಲ್ಲೆಯ ವಸತಿ ಶಾಲೆಗೆ ಈ ಶಾಲೆಯಿಂದ ಹೋಗುವುದು ಒಂದೇ ಮಗು. ಈ ಸಲ ಪಟ್ಟಿಯಲ್ಲಿದ್ದ ಹೆಸರು ಊರ ಯಜಮಾನನ ಮೊಮ್ಮಗ ಕದಿರೇಶನದು. ಊರಾಚೆಯ ದಲಿತರ ಚೇರಿಯ ಹುಡುಗಿ ಮೊದಲು ಬಂದರೆ ಯಾರ ಕಣ್ಣು ಉರಿಯುತ್ತದೆಂದು ಮೂಕಯ್ಯನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಎರಡರಿಂದ ಭಾಗಿಸಿ 1/4 ಅಂತ ಬರೀಬೇಕಿತ್ತಪ್ಪ," ಎಂದರು ಅರುಣಾಚಲಂ ಮೇಷ್ಟ್ರು.

"ಅದೂ ಇದೂ ಬೇರೆ ಬೇರೆನಾ?"

"ಇಲ್ಲ, ಎರಡೂ ಒಂದೇ."

"ಒಂದೇ ಆದ್ರೆ ಕಡಿದಿದ್ದು ಯಾಕೆ? ಭಾನುವಾರ ಊರಿಗೆಲ್ಲ ಗುಡ್ಡೆ ಬಾಡು ಹಾಕೋನು ನಾನು. ಒಂದು ಆಡು, ತಾಳೆಗರಿ ಮೇಲೆ ಎಂಟು ಗುಡ್ಡೆ. ನೀವು ಎರಡು ಗುಡ್ಡೆ ಅಂತೀರಿ, ಯಜಮಾನ್ರು ಕಾಲು ಆಡು ಅಂತಾರೆ. ಹೆಂಗೆ ಕೇಳಿದ್ರೂ ನಾನು ಯಾರ ಪಾಲಲ್ಲೂ ಒಂದು ಚೂರು ಕಮ್ಮಿ ಮಾಡಲ್ಲ."

ಮೇಷ್ಟ್ರು ನಕ್ಕರು. "ರೂಲ್ಸು ಎಲ್ರಿಗೂ ಒಂದೇ ಕಣಯ್ಯ."

"ಹಂಗಾದ್ರೆ ಕದಿರೇಶಪ್ಪಂದು ತೋರ್ಸಿ."

"ನನ್ನ ಮೇಲೇ ಅನುಮಾನವಾ?"

"ಹೌದು ಸಾರ್."

ಬೇರೆ ದಾರಿ ಕಾಣದೆ ಮೇಷ್ಟ್ರು ಕಟ್ಟು ಬಿಚ್ಚಿದರು. ಮೂಕಯ್ಯನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಕದಿರೇಶನ ಹಾಳೆಯಲ್ಲೂ 2/8. ಪಕ್ಕದಲ್ಲಿ ಪೂರ್ತಿ ಅಂಕ. ಮೂಕಯ್ಯ ಎರಡೂ ಹಾಳೆ ಜೋಡಿಸಿ ಮೇಷ್ಟ್ರ ಮುಂದೆ ಸರಿಸಿದ.

"ಕಣ್ತಪ್ಪಿ ಆಗಿದೆ," ಎಂದು ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

"ಕಣ್ಣು ಯಾವಾಗ್ಲೂ ಯಜಮಾನ್ರ ಬೀದಿ ಕಡೆಗೇ ತಪ್ಪುತ್ತೆ ಸಾರ್."

ಮೇಷ್ಟ್ರು ಪೂಂಗೊಡಿಯ ಹಾಳೆಗೆ ಅರ್ಧ ಅಂಕ ಸೇರಿಸಿದರು. ಮೂಕಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅರ್ಧದಲ್ಲಿ ಕಾಲು ಕಳೆದರೆ ಕಾಲು. ಈಗ ಮಗಳೇ ಮುಂದು! ಆದರೂ ನಂಬಿಕೆ ಬರಲಿಲ್ಲ. "ಹೆಸರಿನ ಪಟ್ಟೀನೂ ಈಗ್ಲೇ ತಿದ್ದಿ. ಇಲ್ಲೇ ನಿಂತಿರ್ತೀನಿ."

ಪಟ್ಟಿ ತಿದ್ದಿದ್ದಾಯಿತು. ಅವನು ಕೈಮುಗಿದ. "ಅವಳು ಬರೆದದ್ದು ತಪ್ಪಲ್ಲ ಅಂತ ನೀವೇ ಅವಳಿಗೆ ಹೇಳ್ಬೇಕು ಸಾರ್. ನಾನು ಹೇಳಿದ್ರೆ ನಂಬ್ತಿಲ್ಲ. ನಿನ್ನೆಯಿಂದ ಒಂದು ತುತ್ತು ಉಂಡಿಲ್ಲ."

ಇಬ್ಬರೂ ಹೊರಗೆ ಬಂದರು. ಅಂಗಳದ ಮಣ್ಣಿನಲ್ಲಿ ಕಡ್ಡಿ ಹಿಡಿದು ಕೂತಿದ್ದ ಪೂಂಗೊಡಿ ಮೇಷ್ಟ್ರನ್ನು ಕಂಡವಳೇ ಎದ್ದಳು. ಅವರು ಬಾಯಿ ತೆರೆಯುವ ಮೊದಲೇ, ಬರೆದಿದ್ದ 2/8ನ್ನು ಅಂಗಾಲಿನಿಂದ ಗಡಿಬಿಡಿಯಲ್ಲಿ ಅಳಿಸತೊಡಗಿದಳು.